ಗುಂಡ್ಯಾನ ಜಾತಿ

ಗಿರಿಜಕ್ಕ, ನಿಮ್ಮ ಗುಂಡ್ಯಾ ಜಾತಿ ನಾಯಿ ಆಗಿರಲಿಲ್ಲ. ಅಪ್ಪಟ ಕಂತ್ರಿ. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು — ಗೊತ್ತಿದ್ದೂ ಎಂಟು ವರ್ಷ ಬಾಯಿ ಬಿಡಲಿಲ್ಲ.

ನ್ಯೂವೆಗೈನ್‌ನಲ್ಲಿ ನಾವು ಅಕ್ಕಪಕ್ಕದ ಬಾಡಿಗೆ ಮನೆಗಳಲ್ಲಿದ್ದ ಕಾಲ. ನೀವು ಧಾರವಾಡದಿಂದ ಹಾಲೆಂಡಿಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಭಾವ ಆಫೀಸಿಗೆ ಹೋದರೆ ಸಂಜೆಯವರೆಗೆ ಕಿಟಕಿಯ ಪರದೆ ಕೂಡ ಸರಿಸದೆ ಕೂತಿರುತ್ತಿದ್ದಿರಿ. ನಿಮಗೊಂದು ಜೊತೆ ಇರಲಿ ಎಂದು ಹುಟ್ಟುಹಬ್ಬಕ್ಕೆ ಆ ಮರಿ ತಂದೆ. ನನ್ನ ಸಹೋದ್ಯೋಗಿಯ ತೋಟದ ಮನೆಯಲ್ಲಿ ಹುಟ್ಟಿದ್ದು. ಅಪ್ಪ ಯಾರೆಂದು ಅವರಿಗೇ ಗೊತ್ತಿರಲಿಲ್ಲ. ಆದರೆ ಉಡುಗೊರೆ ಎಂದು ಕಂತ್ರಿಯನ್ನು ಕೊಡುವುದು ಹೇಗೆ — ನನ್ನ ಬಿಗುಮಾನ ನಿಮಗೆ ಗೊತ್ತೇ ಇದೆ. "ಜಾತಿ ನಾಯಿ ಅಕ್ಕ" ಎಂದುಬಿಟ್ಟೆ.

ಆಮೇಲಿನ ಆ ಎರಡು ವರ್ಷ! ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಕಾಲುವೆ ದಂಡೆಯಲ್ಲಿ ನೀವು, ನಾನು, ಗುಂಡ್ಯಾ. ಬಾತುಕೋಳಿ ಕಂಡರೆ ನಿಮ್ಮ ಕಾಲ ಹಿಂದೆ ಅಡಗುತ್ತಿದ್ದ ಮಹಾಶೂರ. ಅವನನ್ನು ಮುದ್ದು ಮಾಡಲು ನಿಲ್ಲುತ್ತಿದ್ದ ಅಜ್ಜಿಯರಿಂದಲೇ ನೀವು ಡಚ್ ಮಾತು ಕಲಿತಿರಿ. ಪರದೆ ಸರಿಯಿತು, ಬಾಗಿಲೂ ತೆರೆಯಿತು. ನಿಮ್ಮ ನಗು ಗೋಡೆಯಾಚೆಗೆ ನನಗೆ ಕೇಳುತ್ತಿತ್ತು.

ಆಗ ಮನೆ ಮಾಲೀಕರ ಪತ್ರ ಬಂತು — ನಾಯಿ ಸಾಕಬೇಕಾದರೆ, ಅದು ಯಾರನ್ನಾದರೂ ಕಚ್ಚಿದರೆ ಹೊಣೆ ಹೊರುವ ವಿಮೆ ಇರಲೇಬೇಕು. ನಿಮ್ಮ ಮನೆ ವಿಮೆಯ ಜೊತೆಗೆ ಅದನ್ನು ಸೇರಿಸುವ ಅರ್ಜಿ. ಮಾತು ಬಂದರೂ ನಿಮಗೆ ಡಚ್ ಓದಲು ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ ನನ್ನ ಮುಂದಿಟ್ಟಿರಿ. ತಳಿ ಯಾವುದು ಎಂಬ ಪ್ರಶ್ನೆ ಬಂತು.

"ನಮ್ಮ ಗುಂಡ್ಯಾಂದು ಯಾವ ಜಾತಿ, ಬರಿ ನೋಡೋಣು," ಎಂದಿರಿ, ಹೆಮ್ಮೆಯಿಂದ.

ಪಟ್ಟಿಯಲ್ಲಿ ಮಿಶ್ರ ತಳಿ ಎಂಬುದೂ ಇತ್ತು. ಬೆರಳು ಅಲ್ಲಿಗೆ ಹೋಗಿ ಹಿಂದೆ ಬಂತು. ಕಪ್ಪು ಮೈ, ಹುಬ್ಬಿನ ಮೇಲೆ ಕಂದು ಚುಕ್ಕೆ — ರಾಟ್‌ವೈಲರ್ ಎಂದು ಒತ್ತಿದೆ. ಮಾನ ಉಳಿಯಿತು ಎಂದುಕೊಂಡೆ.

ವಾರದಲ್ಲೇ ಉತ್ತರ ಬಂತು. ಆ ತಳಿ ಅಪಾಯದ ಪಟ್ಟಿಯಲ್ಲಿದೆ, ವಿಮೆ ಕೊಡಲಾಗದು. ವಿಮೆ ಇಲ್ಲದಿದ್ದರೆ ತಿಂಗಳೊಳಗೆ ನಾಯಿ ಹೋಗಬೇಕು ಎಂದರು ಮಾಲೀಕರು. ನೀವು ಆ ಕಾಗದ ಹಿಡಿದು ನನ್ನ ಅಡುಗೆಮನೆಯಲ್ಲಿ ಕೂತು ಕೇಳಿದಿರಿ: "ಜಾತಿ ಛಲೋ ಇದ್ದದ್ದ ತಪ್ಪಾತೇನ?"

ಹೇಳಬೇಕಿತ್ತು. ಒಂದೇ ಒಂದು ಮಾತು — ನಾನು ನಿಮಗೆ ಚಹಾ ಸೋಸಿ ಕೊಟ್ಟೆ.

ನೂರ್ಡ್‌ವೈಕ್ ಊರಿನ ದಂಪತಿ ಅವನನ್ನು ಕರೆದೊಯ್ದರು. ಎರಡು ತಿಂಗಳಾದ ಮೇಲೆ ನಿಮ್ಮ ಬದಲು ನಾನು ನೋಡಲು ಹೋದೆ. ಹೋದರೆ ಬಿಟ್ಟು ಬರಲಾರೆ ಎಂದಿದ್ದಿರಿ ನೀವು. ಆ ಹೆಂಗಸು ನಕ್ಕರು. ಪಶುವೈದ್ಯರು ನೋಡಿದೊಡನೆ ಇದು ರಾಟ್‌ವೈಲರ್ ಅಲ್ಲವೇ ಅಲ್ಲ ಎಂದರಂತೆ. ಮಿಶ್ರ ತಳಿ ಎಂದು ಬರೆಸಿದರು, ವಿಮೆ ಸಲೀಸಾಗಿ ಸಿಕ್ಕಿತಂತೆ. "ನಿಮ್ಮ ಗೆಳತಿಗೆ ಬೇಕಿದ್ದರೆ ಈಗಲೂ ಬಂದು ಕರೆದುಕೊಂಡು ಹೋಗಲಿ," ಎಂದೂ ಹೇಳಿದರು.

ನೀವು ಹೆಣೆದುಕೊಟ್ಟ ಮಫ್ಲರ್ ನನ್ನ ಕೊರಳಲ್ಲಿತ್ತು; ಗುಂಡ್ಯಾ ಅದಕ್ಕೆ ಮೂಗಿಟ್ಟವನು ಕದಲಲಿಲ್ಲ. ಕೊನೆಗೆ ಅದನ್ನು ಅವನಿಗೇ ಬಿಟ್ಟು ಬಂದೆ.

ಬಂದಾಗ ನೀವು ಬಾಗಿಲಲ್ಲೇ ಕಾಯುತ್ತಿದ್ದಿರಿ. "ನನ್ನ ನೆನಸ್ತಾನೇನ?"

"ಇಲ್ಲಕ್ಕ, ಮರೆತು ಆರಾಮಾಗಿದ್ದಾನೆ," ಎಂದೆ.

ಅಂದಿನಿಂದ ನೀವು ಮತ್ತೆ ಪರದೆ ಎಳೆದಿರಿ. ಮುಂದಿನ ವರ್ಷ ರಾಟರ್‌ಡ್ಯಾಮ್‌ಗೆ ಮನೆ ಬದಲಾಯಿಸಿದಿರಿ. ಹೋದ ವಾರ ನೂರ್ಡ್‌ವೈಕ್‌ನಿಂದ ನನಗೆ ಸುದ್ದಿ ಬಂದಿದೆ — ಗುಂಡ್ಯಾ ತೀರಿಹೋದ.

ಭಾನುವಾರ ಈ ಕಾಗದ ಹಿಡಿದು ನಾನೇ ಬರುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ. ಅದಕ್ಕೆ ಮೊದಲು ಒಂದನ್ನು ಮಾತ್ರ ಬಾಯಿಬಿಟ್ಟು ಹೇಳಬೇಕು. ಅವನು ನಿಮ್ಮನ್ನು ಮರೆತಿರಲಿಲ್ಲ ಅಕ್ಕ.