ಬೆಲ್ಲದ ನೀರಿನ ದೋಣಿಗಳು

ಕೆಲಸದ ಸೆಲ್ವಿಯನ್ನು ಬಿಟ್ಟರೆ ಇವತ್ತು ನನ್ನ ಮನೆಗೆ ಬಂದವರು ಇರುವೆಗಳು ಮಾತ್ರ. ಮದ್ರಾಸಿನ ಪೆರುಂಗುಡಿಯ ಈ ಏಳನೇ ಮಹಡಿಗೆ ಲಿಫ್ಟ್ ಇದ್ದೂ ನೆಂಟರು ಬರುವುದಿಲ್ಲ. ಇವು ಗೋಡೆ ಹಿಡಿದೇ ಬಂದಿದ್ದವು. ಸೋಫಾದ ಹಿಂದಿನಿಂದ ಸಾಲಾಗಿ ಹೊರಟು ಅಮ್ಮನ ಚಿತ್ರದ ಚೌಕಟ್ಟಿನೊಳಗೆ ನುಗ್ಗುತ್ತಿದ್ದವು. ಅಮ್ಮನ ಚಿತ್ರ ಎಂದರೆ ಅಮ್ಮನ ಮುಖವಲ್ಲ. ಕಾಲುವೆಯಲ್ಲಿ ನಿಂತ ಮೂರು ದೋಣಿ, ನೀರುಬಣ್ಣದ್ದು. ಅವಳು ಹೋದಮೇಲೆ ನನ್ನ ಹತ್ತಿರ ಉಳಿದದ್ದು ಅದೊಂದೇ, ಹಾಗಾಗಿ ಆ ಹೆಸರು.

ಆ ಚಿತ್ರ ಬಂದಾಗ ನಾನು, ಅಮ್ಮ ಇಬ್ಬರೂ ತಿರುವೊಟ್ಟಿಯೂರಿನ ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಿಗೆ ಕಾಲುವೆ. ಅದರ ವಾಸನೆ ಹೇಗಿತ್ತೆಂದು ಹೇಳಿ ನಿಮ್ಮ ಕಾಫಿ ಕೆಡಿಸುವುದಿಲ್ಲ. ಒಂದು ದಿನ ಊರೂರು ಅಲೆಯುವ ಚಿತ್ರಕಾರನೊಬ್ಬ, ಉತ್ತರದ ಕಡೆಯವನು, ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ಮೀನುಗಾರರು ಕಟ್ಟಿಹಾಕಿದ್ದ ದೋಣಿಗಳನ್ನು ಬರೆಯತೊಡಗಿದ. ಬಣ್ಣ ಕಲಸಲು ಸನ್ನೆಯಲ್ಲೇ ನೀರು ಕೇಳಿದ. ಎಷ್ಟು ತಲೆಮಾರು ಮದ್ರಾಸಿನಲ್ಲಿ ಕಳೆದರೂ, ನೀರು ಕೇಳಿದವರಿಗೆ ಬರೀ ನೀರು ಕೊಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮ ಚೊಂಬಿನ ಜೊತೆ ತಟ್ಟೆಯಲ್ಲಿ ಬೆಲ್ಲವನ್ನೂ ಇಟ್ಟಳು. ಆತ ಕೈಮುಗಿದು, ಬೆಲ್ಲವನ್ನು ಚೊಂಬಿಗೇ ಹಾಕಿ, ಕುಂಚದ ಹಿಡಿಯಿಂದ ಚೆನ್ನಾಗಿ ಕದಡಿ, ಅದರಲ್ಲೇ ಬಣ್ಣ ಕಲಸಿಬಿಟ್ಟ!

ಗಾಬರಿಯಾದರೆ ಅಮ್ಮನ ಕನ್ನಡ ತಮಿಳಿಗೆ ಜಾರುತ್ತಿತ್ತು. "ಐಯೋ ತಂಬಿ, ಅದು ತಿನ್ನೋಕೆ ಕೊಟ್ಟಿದ್ದು! ಸಾಪಿಡು, ಸಾಪಿಡು!" ಎಂದು ಬಾಯಿಗೆ ಕೈ ಒಯ್ದು ತೋರಿಸಿದಳು. ಅವನು ನಕ್ಕು ತಲೆಯಾಡಿಸಿ ಬರೆಯುತ್ತಲೇ ಇದ್ದ.

"ಹೋಗ್ಲಿ ಬಿಡು. ಈ ಕಾಲ್ವೇಲೂ ಒಂದಿನ ಸಿಹಿ ನೀರು ಹರೀಲಿ," ಎಂದು ನನಗೆ ಹೇಳಿದಳು. ಹೊರಡುವಾಗ ಆತ ಚಿತ್ರವನ್ನು ಅವಳ ಕೈಗೇ ಕೊಟ್ಟು ಹೋದ. ಅಂದಿನಿಂದ ಪ್ರತಿ ಬೇಸಿಗೆಗೂ ಇರುವೆಗಳು ಬರುತ್ತವೆ. ಅಮ್ಮ ಬೈಯುತ್ತಾ ಊದಿ ಓಡಿಸುತ್ತಿದ್ದಳು.

ಇವತ್ತು ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ದೋಣಿಯ ತುದಿ ಸವೆದುಹೋಗಿತ್ತು. ಹೀಗೇ ಬಿಟ್ಟರೆ ಇದೂ ನನಗೆ ಉಳಿಯುವುದಿಲ್ಲ.

"ಚಾಕ್‌ಪೀಸ್ ಪೋಡವಾ ಸಾರ್?" ಸೆಲ್ವಿ ಇರುವೆ ಮದ್ದಿನ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಹೂಂ ಎನ್ನಬೇಕಿತ್ತು. ಆದರೆ ಅಮ್ಮ ಕೊಟ್ಟ ಬೆಲ್ಲದ ರುಚಿ ಗೊತ್ತಿರುವವರು ಈ ಊರಲ್ಲಿ ಈಗ ನಾನು ಮತ್ತು ಈ ಇರುವೆಗಳು, ಅಷ್ಟೇ. ಬೇಡ ಎಂದೆ.

ಅವಳು ಹೋದಮೇಲೆ ಚಿತ್ರ ಇಳಿಸಿ, ಚೌಕಟ್ಟು ಬಿಚ್ಚಿ, ಮೆಲ್ಲಗೆ ಊದಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟೆ. ಗೋಡೆ ಬೋಳಾಯಿತು. ಬರೀ ಮೊಳೆಯ ಸುತ್ತ ಇರುವೆಗಳು ದಿಕ್ಕುತಪ್ಪಿ ಓಡಾಡುವುದನ್ನು ನೋಡಲಾಗಲಿಲ್ಲ. ಒಂದು ತಟ್ಟೆಯಲ್ಲಿ ಚೂರು ಬೆಲ್ಲ, ಪಕ್ಕದಲ್ಲಿ ಒಂದು ಮುಚ್ಚಳ ನೀರು ತಂದು ಗೋಡೆಯ ಬುಡದಲ್ಲಿಟ್ಟೆ.

"ಸಾಪಿಡು," ಎಂದೆ. ಈ ಮನೆಯಲ್ಲಿ ನಾನು ಯಾರಿಗಾದರೂ ಹಾಗೆ ಹೇಳಿದ್ದು ಅದೇ ಮೊದಲು.