ದೇವರ ಮುಂದೆ ಎತ್ತಿದ ಚೀಟಿ

ಶಿರಸಿಯ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿ ನಿವೃತ್ತಳಾದ ಮೇಲೆ ನಾನು ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಅಷ್ಟರಲ್ಲಿ ಚರ್ಚಿನಿಂದ ಬುಲಾವ್ ಬಂತು. ನಮ್ಮ ಕಥೋಲಿಕ ಜನ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಾರೆ, ಆದರೆ ಪಂಚಾಯ್ತಿಯ ಮೆಟ್ಟಿಲು ಹತ್ತುವುದಿಲ್ಲ, ಅವರಲ್ಲಿ ನಾಲ್ಕು ಜನರನ್ನಾದರೂ ತಯಾರು ಮಾಡಿಕೊಡಿ ಎಂದರು. ಶ್ರೀಸಾಮಾನ್ಯ ಮುಖಂಡರ ತರಬೇತಿ ಎಂದು ಅದಕ್ಕೊಂದು ದೊಡ್ಡ ಹೆಸರು. ನನಗೋ ಕಲಿಸುವ ಚಪಲ. ಹೂಂ ಎಂದುಬಿಟ್ಟೆ.

ಒಂದು ಭಾನುವಾರ ಸಿದ್ದಾಪುರ, ಇನ್ನೊಂದು ಭಾನುವಾರ ಯಲ್ಲಾಪುರ, ಹೀಗೆ ಬಸ್ಸಿನಲ್ಲಿ ಓಡಾಡಿದೆ. ಗ್ರಾಮಸಭೆ ಎಂದರೇನು, ಪಿಡಿಓ ಹತ್ತಿರ ಹೇಗೆ ಮಾತಾಡಬೇಕು, ಅರ್ಜಿಗೆ ಸ್ವೀಕೃತಿ ಯಾಕೆ ಕೇಳಬೇಕು, ಎಲ್ಲ ಹೇಳಿಕೊಟ್ಟೆ. ನಾವೇ ನಾವೇ ಸೇರಿ ನಾಟಕದ ಹಾಗೆ ಗ್ರಾಮಸಭೆ ಮಾಡುತ್ತಿದ್ದೆವು. ಅದರಲ್ಲೂ ಪ್ರಶ್ನೆ ಕೇಳಲು ಎದ್ದವರು ಮೊದಲು ಮೂಲೆಯಲ್ಲಿ ಕೂತ ಫಾದರ್ ಮುಖ ನೋಡುವರು. ಅವರು ತಲೆಯಾಡಿಸಿದರೆ ಮಾತ್ರ ಬಾಯಿ ತೆರೆಯುವರು. ಕೊನೆಗೆ ನಾನು ಫಾದರ್‌ಗೆ ಕೈಮುಗಿದು, ಪಾಠ ಮುಗಿಯುವ ತನಕ ನೀವು ತೋಟದ ಕಡೆ ತಿರುಗಾಡಿ ಬನ್ನಿ ಎಂದೆ. ಒಳ್ಳೆಯ ಮನುಷ್ಯ, ನಗುತ್ತಾ ಹೋದರು.

ಅವರಿದ್ದಾಗಲೂ ಅವರ ಮುಖ ನೋಡದೆ ಎದ್ದು ನಿಂತವಳು ಒಬ್ಬಳೇ. ಕಿರವತ್ತಿಯ ಆಚೆ ಕಾಡಂಚಿನ ಕೇರಿಯವಳು, ಕೂಲಿಗೆ ಹೋಗುವ ಹೆಂಗಸು, ಮೂವತ್ತರ ಆಸುಪಾಸು. ಓದಿದ್ದು ಏಳನೆಯ ಇಯತ್ತೆ, ಬಾಯಿ ಮಾತ್ರ ವಕೀಲರದ್ದು. ಅವಳಿಗೆ ಬೇಕಾಗಿದ್ದು ಒಂದೇ: ಕೇರಿಗೊಂದು ಅಂಗನವಾಡಿ. ಇದ್ದ ಅಂಗನವಾಡಿ ಹೆದ್ದಾರಿಯ ಆ ಬದಿ. ಲಾರಿಗಳು ಹಗಲೂ ರಾತ್ರಿ ಓಡುವ ರಸ್ತೆಯನ್ನು ಮೂರು ವರ್ಷದ ಮಕ್ಕಳು ದಾಟಬೇಕು. ಅಮ್ಮಂದಿರು ಬೆಳಗಾಗೆದ್ದು ಕೂಲಿಗೆ ಹೋದರೆ ದಾಟಿಸುವವರಿಲ್ಲ, ಹಾಗಾಗಿ ಅರ್ಧ ಮಕ್ಕಳು ಹೋಗುತ್ತಲೇ ಇರಲಿಲ್ಲ. ನಾಟಕದ ಗ್ರಾಮಸಭೆಯಲ್ಲಿ ನಾನು ಅಧಿಕಾರಿಯಾಗಿ ಕೂತು ಏನೇನೋ ನೆಪ ಹೇಳಿದರೆ, ಒಂದೊಂದನ್ನೂ ಹಿಡಿದು ಜಗ್ಗಿ ನನ್ನನ್ನೇ ತಬ್ಬಿಬ್ಬು ಮಾಡುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಗುತ್ತಿದ್ದೆ. ಇವಳೊಬ್ಬಳು ಪಂಚಾಯ್ತಿಗೆ ಹೋದರೆ ನನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದೆ.

ಚುನಾವಣೆ ಬಂತು. ಆ ಭಾಗಕ್ಕೆ ಮಹಿಳಾ ಸ್ಥಾನ. ಇವಳು ನಿಲ್ಲುತ್ತೇನೆ ಎಂದಳು. ಕೇರಿಯ ಹಿರಿಯ ತನ್ನ ಸೊಸೆಯೂ ನಿಲ್ಲುತ್ತಾಳೆ ಎಂದ. ನಮ್ಮವರೇ ಇಬ್ಬರು ನಿಂತರೆ ಮತ ಒಡೆದು ಇಬ್ಬರೂ ಸೋಲುವುದು ಖಂಡಿತ, ಆ ಮಾತನ್ನು ನಾನೂ ಒಪ್ಪಿದೆ. ಹಾಗಾದರೆ ಕೇರಿಯವರೇ ಕೂತು ಗುಟ್ಟಿನ ಮತ ಹಾಕಿ ಒಬ್ಬರನ್ನು ಆರಿಸಿ ಎಂದೆ. ಎಲ್ಲರೂ ನಾನು ಏನೋ ಕೆಟ್ಟ ಮಾತು ಆಡಿದ ಹಾಗೆ ನೋಡಿದರು. ನಮ್ಮ ನಮ್ಮೊಳಗೆ ಮತವೇ? ಸೋತವರ ಮನೆಯವರು ನಾಳೆ ಗೆದ್ದವರ ಮನೆಯ ಮದುವೆಗೆ ಬರುತ್ತಾರೆಯೇ? ಅದೆಲ್ಲ ಬೇಡ, ಚರ್ಚಿನಲ್ಲಿ ಚೀಟಿ ಎತ್ತೋಣ, ಬೈಬಲಿನಲ್ಲಿ ಪ್ರೇಷಿತರೂ ತಮ್ಮ ಹನ್ನೆರಡನೆಯ ಜೊತೆಗಾರನನ್ನು ಆರಿಸಿದ್ದು ಚೀಟಿ ಎತ್ತಿಯೇ ಅಲ್ಲವೇ ಎಂದರು. ಫಾದರ್‌ಗೂ ಅದು ಚಂದ ಕಂಡಿತು, ಜಗಳವಿಲ್ಲ, ರಂಪವಿಲ್ಲ. ಒಂದು ವರ್ಷ ಪೂರ್ತಿ ಮತದ ಬೆಲೆ ಕಲಿಸಿದ್ದೆನಲ್ಲ, ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಾತೆ ಮರಿಯಮ್ಮನ ಮುಂದೆ ಮೊಂಬತ್ತಿ ಹಚ್ಚಿದರು. ಜಪಸರ ಹೇಳಿದರು. ಕೇರಿಯಲ್ಲೇ ಹಿರಿಯಳಾದ, ಕಣ್ಣು ಮಂಜಾದ ಅಜ್ಜಿಯೊಬ್ಬಳು ಬಟ್ಟಲಲ್ಲಿ ಕೈಯಾಡಿಸಿ ಒಂದು ಚೀಟಿ ಎತ್ತಿದಳು. ಸೊಸೆಯ ಹೆಸರು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯ ತಕರಾರೇನೂ ಇರಲಿಲ್ಲ. ಇವಳು ಶಿಲುಬೆಯ ಗುರುತು ಮಾಡಿಕೊಂಡು ಹೋಗಿ ಆ ಸೊಸೆಯ ಕೈ ಹಿಡಿದಳು. ನಾನು ಹೊರಗೆ ಬಂದು ಫಾದರ್ ಜೊತೆ ಜಗಳಕ್ಕೆ ನಿಂತೆ. ದೇವರು ತಲೆ ಕೊಟ್ಟಿರುವುದು ಯಾಕೆ, ಚೀಟಿ ಎತ್ತುವುದಕ್ಕೆ ಕೈಯೊಂದೇ ಸಾಕಿತ್ತಲ್ಲ ಎಂದೆ. ಅವರು ಸಮಾಧಾನದಿಂದಲೇ, ಯಾರಿಗೂ ನೋವಾಗಲಿಲ್ಲವಲ್ಲ ಬಿಡಿ ಎಂದರು.

ಆ ಸೊಸೆ ಗೆದ್ದಳು. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಭೆಗೆ ಅವಳ ಗಂಡ ಹೋಗುತ್ತಿದ್ದ, ಅವಳು ಮನೆಯಲ್ಲೇ ಸಹಿ ಹಾಕುತ್ತಿದ್ದಳು. ಮರು ವರ್ಷದ ಗ್ರಾಮಸಭೆಯಲ್ಲಿ ಹೊಸ ಅಂಗನವಾಡಿಯ ವಿಷಯ ಬರುತ್ತದೆಂದು ಗೊತ್ತಾಗಿ ನಾನು ಶಿರಸಿಯಿಂದ ಹೊರಟು ಹೋದೆ. ನಾನು ಆ ಊರಿನ ಮತದಾರಳಲ್ಲ, ಮಾತಾಡುವ ಹಾಗಿಲ್ಲ. ಹೆಂಗಸರ ನಡುವೆ ಇವಳ ಪಕ್ಕದಲ್ಲಿ ಕೂತೆ. ಒಂದು ಅಂಗನವಾಡಿ ಮಂಜೂರಾಗಿದೆ, ಯಾವ ಕೇರಿಗೆ ಬೇಕು ಎಂದು ಅಧಿಕಾರಿ ಕೇಳಿದರು. ಇನ್ನೊಂದು ಕೇರಿಯ ಗಂಡಸರು ಎದ್ದು ನಮಗೆ ಬೇಕು ಎಂದರು. ಅವತ್ತು ತಾನೂ ಬಂದಿದ್ದ ನಮ್ಮ ಸದಸ್ಯೆ ತಲೆ ತಗ್ಗಿಸಿ ಕೂತು ಓರೆಗಣ್ಣಿನಲ್ಲಿ ಗಂಡನನ್ನು ಹುಡುಕುತ್ತಿದ್ದಳು, ಅವನು ಹೊರಗೆ ಯಾರ ಜೊತೆಯೋ ಮಾತಾಡುತ್ತಿದ್ದ. ಇನ್ಯಾರಾದರೂ ಇದ್ದೀರಾ ಎಂದು ಅಧಿಕಾರಿ ಇನ್ನೊಮ್ಮೆ ಕೇಳಿದರು.

ನಾನು ಇವಳ ಮೊಣಕೈ ತಿವಿದೆ. "ಏಳು ತಂಗಿ. ಇಲ್ಲಿ ಮಾತಾಡಲಿಕ್ಕೆ ಮೆಂಬರೇ ಆಗಬೇಕಂತಿಲ್ಲ."

ಅವಳು ಏಳಲಿಲ್ಲ. "ದೇವರ ನನ್ನ ಬ್ಯಾಡ ಅಂದಾನ್ರಿ ಅಕ್ಕೋರ," ಎಂದಳು, ಮೆಲ್ಲಗೆ. "ಅದರ ಮ್ಯಾಲೆ ನಾ ಎದ್ದು ಮಾತಾಡಿದ್ರ, ಅವಗ ಎದುರು ನಿಂತಂಗ ಆಗ್ತದ."

ತಿವಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಅಧಿಕಾರಿ ಬರೆದುಕೊಂಡರು. ಅಂಗನವಾಡಿ ಇನ್ನೊಂದು ಕೇರಿಗೆ ಹೋಯಿತು. ಎಲ್ಲರಿಗೂ ಚಹಾ ಬಂತು.

ಹೊಸ ತಂಡದ ತರಬೇತಿ ಈಚೆಗೆ ಯಲ್ಲಾಪುರದಲ್ಲಿ ಶುರುವಾಯಿತು. ಯಾಕೆ ಒಪ್ಪಿದೆನೋ ನನಗೇ ಗೊತ್ತಿಲ್ಲ, ಇದರಿಂದ ಏನಾದರೂ ಆದೀತೆಂಬ ನಂಬಿಕೆ ಈಗ ನನಗಿಲ್ಲ. ಮೊದಲ ದಿನ ಇವಳೂ ಬಂದಿದ್ದಳು. ಎದುರಿನ ಸಾಲಿನಲ್ಲಿ ಅವಳಿಗೆಂದು ಕುರ್ಚಿ ಹಾಕಿಸಿ ಕಾದೆ. ಅವಳು ಬಾಗಿಲಲ್ಲೇ ನಿಂತು, ಒಳಗೆ ನೀವು ಕಲಿಸಿ, ಅಡಿಗೆ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹಿಂದಕ್ಕೆ ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಅವಳ ಮುಖ ಅರಳಿತು. ಇನ್ನೊಂದು ಚೂರು ಹಾಕಲಾ ಅಕ್ಕೋರೆ ಎಂದು ಸೌಟು ಹಿಡಿದು ನನ್ನ ತಟ್ಟೆಯ ಮುಂದೆ ಬಗ್ಗಿ ನಿಂತಳು. ನಾನು ಸಾಕು ಎಂದೆ.