ಹುಳು ತಿಂದ ಸೊಪ್ಪು, ಮಗುವಿನ ಕೊರಳು

ಪುಟ್ಟ ಡಬ್ಬಿಯೊಳಗೆ ಮಾತ್ರೆಗಳು ಕುಲುಕುವ ಸದ್ದು ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ಜಪಾನ್ ನೆನಪಾಗುತ್ತದೆ. ನಗಬೇಡಿ, ಕಬ್ಬಾಳಿನ ಪಕ್ಕದ ಈ ಊರು ಬಿಟ್ಟರೆ ಬೆಂಗಳೂರು, ಅದರಾಚೆ ಹೋದವನಲ್ಲ ನಾನು. ರಜೆಗೆ ಬಂದಿರುವ ಮೊಮ್ಮಗಳು ಭವ್ಯ ಈ ಬೆಳಿಗ್ಗೆ ಆ ಡಬ್ಬಿಯನ್ನು ಕುಲುಕಿ ಚೀಲಕ್ಕೆ ಹಾಕಿಕೊಂಡಳು. ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ ದಿನ. ಕೊಟ್ಟ ಮೇಲೆ ಮಾತ್ರೆ ನುಂಗುತ್ತೇನೆಂದು ತಾಯಿಯ ಜೊತೆ ರಾಮನಗರದ ಬಸ್ಸು ಹತ್ತಿದಳು.

ಅವಳು ಹುಟ್ಟಿದ್ದು ಜಪಾನಿನಲ್ಲಿ ಸಮುದ್ರ ಉಕ್ಕಿ ಅಣುಸ್ಥಾವರ ಕೆಟ್ಟ ವರ್ಷದ ಬೇಸಿಗೆಯಲ್ಲಿ, ಬಾಣಂತನ ನಡೆದದ್ದು ನಮ್ಮ ಮನೆಯಲ್ಲೇ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಹಮ್ಮಿನಲ್ಲಿ ನಾನು ಟೀ ಅಂಗಡಿಯಲ್ಲಿ ಪೇಪರು ಗಟ್ಟಿಯಾಗಿ ಓದುತ್ತಿದ್ದೆ. ಆ ಸ್ಥಾವರದ ಹೊಗೆಯಲ್ಲಿ ಒಂಥರಾ ಅಯೋಡಿನ್ ಇರುತ್ತದೆ, ಗಾಳಿಯಲ್ಲಿ, ಹಾಲಿನಲ್ಲಿ ಸೇರಿ ಎಳೆಯ ಮಕ್ಕಳ ಕೊರಳಿನ ಗ್ರಂಥಿಯಲ್ಲಿ ಕೂರುತ್ತದೆ ಎಂದು ಓದಿದಾಗ ಗೆಳೆಯ ಚನ್ನೇಗೌಡ ಬೀಡಿ ಕೆಳಗಿಟ್ಟ.

"ಲೇ, ಜಪಾನಿನ್ ಹೊಗೆ ನಮ್ಮೂರ್ಗೆ ಯಾವ ಬಸ್ಸಲ್ ಬತ್ತದ್ಲಾ?"

"ಗಾಳೀಲಿ ಬತ್ತದೆ ಕಣ್ಲಾ. ಗಾಳಿಗೇನು ಟಿಕೇಟಾ?"

ಆ ವಾರವೇ ಮಳೆ ಬಿತ್ತು. ನಮ್ಮದು ರೇಷ್ಮೆಹುಳು ಸಾಕುವ ಮನೆ. ಪಕ್ಕದ ತೋಟದವರು ಔಷಧಿ ಹೊಡೆದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಅನುಮಾನ ಬಂದರೆ, ಮೊದಲು ಒಂದು ಹಿಡಿ ಹುಳುವನ್ನು ಬೇರೆ ತಟ್ಟೆಗೆ ಹಾಕಿ ತಿನ್ನಿಸಿ ನೋಡುವುದು ನಮ್ಮ ಪದ್ಧತಿ. ನಾನು ಜಪಾನಿನ ಹೊಗೆಗೂ ಅದೇ ಪರೀಕ್ಷೆ ಒಡ್ಡಿದೆ. ಹುಳುಗಳು ಮಳೆ ಬಿದ್ದ ಸೊಪ್ಪನ್ನು ಗಬಗಬ ತಿಂದು, ಪೊರೆ ಕಳಚಿ, ದಪ್ಪಗಾದವು. ವಿಷ ನಮ್ಮೂರಿಗೆ ಬಂದಿಲ್ಲವೆಂದು ನಾನು ಟೀ ಅಂಗಡಿಯಲ್ಲಿ ಘೋಷಿಸಿದೆ. ಇಂಥ ವಿಜ್ಞಾನಿಯನ್ನು ನೀವು ಕಂಡಿರಲಿಕ್ಕಿಲ್ಲ.

ಮನೆಯಲ್ಲಿ ಮಗು ಅಳುತ್ತಲೇ ಇರಲಿಲ್ಲ. ಹಾಲು ಕುಡಿಯುತ್ತಲೇ ನಿದ್ದೆಗೆ ಜಾರುತ್ತಿತ್ತು. ಎಂಥ ಸಾಧು ಕೂಸು ಎಂದು ನಾನು ಬೀಗುತ್ತಿದ್ದೆ. ಮಗಳು ಸವಿತ ಬೀಗಲಿಲ್ಲ, ನೋಡುತ್ತಿದ್ದಳು. ಮೈಯ ಹಳದಿ ಹೋಗಿಲ್ಲ, ಅಪರೂಪಕ್ಕೆ ಅತ್ತರೂ ದನಿ ಒಡಕು.

"ಅಪ್ಪ, ಮಕ್ಳ ಕೊರಳಿಗೆ ಏನೋ ಆಯ್ತದೆ ಅಂತ ನೀನೇ ಓದ್ದಲ್ಲ. ಇದರ ದನಿ ಕೇಳು. ಆಸ್ಪತ್ರೆಗೆ ಹೋಗನ."

"ಹುಳಕ್ಕೇ ಏನೂ ಆಗ್ಲಿಲ್ಲ, ಮಗೀಗೇನಾಯ್ತದವ್ವ?"

ನಿಜ ಬೇರೆ ಇತ್ತು, ಅದನ್ನು ಇಂದು ಹೇಳಿಬಿಡುತ್ತೇನೆ. ಹುಳು ಗೂಡು ಕಟ್ಟುವ ಹೊತ್ತು ಹತ್ತಿರವಾಗಿತ್ತು. ಅಂಥ ಸಮಯದಲ್ಲಿ ಆಸ್ಪತ್ರೆಯಿಂದ ಬಂದವರ ನೆರಳೂ ಹುಳುಮನೆಗೆ ಬೀಳಬಾರದೆಂದು ನಾವು ನಂಬಿದವರು. ಬೆಳೆ ಕೆಟ್ಟರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ಹೋಗೋದಾದ್ರೆ ಹೋಗು. ಬಂದು ಹುಳಮನೆ ಬಾಗ್ಲು ಮಾತ್ರ ತುಳೀಬ್ಯಾಡ" ಎಂದೆ.

ಹಸಿ ಬಾಣಂತಿ ತಲೆಗೆ ಬಟ್ಟೆ ಸುತ್ತಿಕೊಂಡು, ಮಗುವನ್ನೆತ್ತಿ ಉರಿಬಿಸಿಲಲ್ಲಿ ಬಸ್ಸಿಗೆ ಹೋದಳು. ಡಾಕ್ಟರು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಥೈರಾಯ್ಡ್ ಗ್ರಂಥಿ ಕೆಲಸವನ್ನೇ ಮಾಡುತ್ತಿರಲಿಲ್ಲ.

"ಆ ಸ್ಥಾವರದ ಹತ್ತಿರ ಇರೋರಿಗೆ ಈ ಭಯ ಸುಳ್ಳಲ್ಲಮ್ಮ. ಆದರೆ ನಿಮ್ಮ ಮಗೂಗೆ ಅದರಿಂದ ಬಂದದ್ದಲ್ಲ, ಹುಟ್ಟುವಾಗಲೇ ಇದ್ದದ್ದು" ಎಂದರಂತೆ ಡಾಕ್ಟರು. "ಯಾವ ಭಯಕ್ಕೋ, ಬೇಗ ಬಂದ್ರಲ್ಲ. ತಡ ಆಗಿದ್ರೆ ಬುದ್ಧಿ ಬೆಳೀತಿರಲಿಲ್ಲ."

ಹೆದರಬೇಕಿಲ್ಲದ ಕಡೆ ಊರನ್ನೇ ಹೆದರಿಸಿ, ಹೆದರಬೇಕಾದ ಕಡೆ ಧೈರ್ಯ ಹೇಳಿದವನು ನಾನು. ಸವಿತ ದಿನಾ ಬೆಳಿಗ್ಗೆ ಚಮಚದಲ್ಲಿ ಮಾತ್ರೆ ಅರೆದು, ತನ್ನ ಹಾಲಿನಲ್ಲಿ ಕಲಸಿ, ಮಗು ಉಗಿದರೆ ಒರೆಸಿ ಮತ್ತೆ ಕುಡಿಸುತ್ತಿದ್ದಳು. ಜ್ವರ ಬಂದು ತಾನೇ ಮಲಗಿದ್ದಾಗಲೂ ಅದು ತಪ್ಪಲಿಲ್ಲ. ನನಗೆ ಒಂದು ಮಾತೂ ಅನ್ನಲಿಲ್ಲ. ಹುಳುಮನೆಗೆ ಮಾತ್ರ ಅವಳು ಮತ್ತೆ ಬರಲೇ ಇಲ್ಲ. ಪೇಟೆ ಸೇರಿದವಳು, ವಾಸನೆ ಆಗುವುದಿಲ್ಲವೇನೋ ಎಂದುಕೊಂಡು ನಾನು ಆರಾಮಾಗಿದ್ದೆ.

ಇಂದು ಮಧ್ಯಾಹ್ನ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಮೊಣಕೈಗೆ ಹತ್ತಿ ಅಂಟಿಸಿಕೊಂಡ ಭವ್ಯ ಹೊಸ್ತಿಲಾಚೆ ನಿಂತಳು.

"ಒಳಕ್ಕೆ ಬಾರವ್ವ."

"ಊಹೂಂ. ಆಸ್ಪತ್ರೆಯಿಂದ ಬಂದೋರು ಬರಂಗಿಲ್ವಂತೆ. ತಾತನ ರೂಲ್ಸು ಅಂತ ಅಮ್ಮ ಹೇಳವ್ಳೆ."

ರೂಲ್ಸು ಹೇಳಿದ್ದಳು, ಅದು ಹುಟ್ಟಿದ ಕತೆ ಹೇಳಿರಲಿಲ್ಲ. ನಾನೇ ಹೇಳಿದೆ, ಏನನ್ನೂ ಬಿಡದೆ. ಹುಡುಗಿ ಮೊಣಕೈಯ ಹತ್ತಿಯನ್ನು ಒತ್ತಿಕೊಂಡಳು.

"ಅಂದ್ರೆ ಆವತ್ತು ನಿಂಗೆ ನನಗಿಂತ ಹುಳನೇ ಹೆಚ್ಚಾಗಿತ್ತಾ, ತಾತ?"

"ಹೂಂ ಕಣವ್ವ."

ಅಂಗಳದ ಕಡೆ ಕೂಗಿದೆ. "ಸವಿತ, ಒಸಿ ಬಾ ಇಲ್ಲಿ. ಸೊಪ್ಪು ಹಾಕಕ್ಕೆ ಕೈ ಸಾಲ್ದು."

ಅವಳೂ ಬಂದು ಹೊಸ್ತಿಲಲ್ಲೇ ನಿಂತಳು. "ಗೂಡು ಕಟ್ಟೋ ಟೈಮು, ಅಪ್ಪ. ನಾವು ಆಸ್ಪತ್ರೆಯಿಂದ..."

"ಗೊತ್ತು ಕಣವ್ವ. ಆವತ್ತು ಅಂದದ್ದು ತಪ್ಪಾಯ್ತು. ಬಾ."

ಸವಿತ ನನ್ನನ್ನೇ ನೋಡಿದಳು. ಬಳಿಕ ಕೈ ತೊಳೆದು, ಮಗಳ ಕೈಯನ್ನೂ ತೊಳೆಸಿ ಒಳಗೆ ಬಂದಳು. ತಟ್ಟೆಗೆ ಬಗ್ಗಿ, "ಇಷ್ಟು ದಪ್ಪಕ್ಕೆ ಹಾಕ್ಬುಟ್ರೆ ಕೆಳಗಿನ ಹುಳಕ್ಕೆ ಉಸ್ರು ಕಟ್ಟಲ್ವಾ?" ಎಂದು ನಾನು ಹಾಕಿದ್ದ ಸೊಪ್ಪನ್ನೆಲ್ಲ ತೆಗೆದು, ಮೊದಲಿಂದ ತೆಳ್ಳಗೆ ಹರಡತೊಡಗಿದಳು. ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.